ಎಲೆಯಾಟದಲ್ಲಿ ಮುನ್ನುಗ್ಗುವವನ ಪರವಾಗಿ

ಆಟವೆಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ನಮ್ಮಲ್ಲಿ ಹೊಸತಲ್ಲ. ಎಲೆಯಾಟವೆಂದರಂತೂ ಆ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಇಸ್ಪೀಟೆಲೆಯ ಹಿಂದೆ ಹಣವೂ, ಹಣದ ಹಿಂದೆ ಮನೆಯ ಹಾಳೂ ಬರುವುದನ್ನು ಕಣ್ಣಾರೆ ಕಂಡವರಿಗೆ ಆ ಭಯ ಸಹಜವಾದುದು. ಆದರೆ ಈಚಿನ ವರ್ಷಗಳಲ್ಲಿ ಮಕ್ಕಳ ಚೀಲಗಳಲ್ಲಿ ಕಾಣಿಸಿಕೊಳ್ಳುತ್ತಿರುವ ಚಿತ್ರವತ್ತಾದ ಎಲೆಗಳು ಬೇರೊಂದು ಕುಲದವು. ಅವುಗಳ ವಿಷಯದಲ್ಲಿ, ವಿಶೇಷವಾಗಿ ಅವುಗಳನ್ನು ಹಿಡಿದು ಮೊದಲ ಕ್ಷಣದಿಂದಲೇ ಎದುರಾಳಿಯ ಮೇಲೆ ಏರಿಹೋಗುವ ಹುಡುಗನ ವಿಷಯದಲ್ಲಿ, ಉಪಾಧ್ಯಾಯ ಬಂಧುಗಳ ಮುಂದೆಯೂ ವಿದ್ಯಾಭಿಮಾನಿಗಳ ಮುಂದೆಯೂ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ಆಟದಲ್ಲಿನ ಉಗ್ರತೆಗೆ ನಮ್ಮ ತುಳುನಾಡು ಹೆದರುವುದಕ್ಕೆ ಹಳೆಯ ಕಾರಣವೊಂದುಂಟು. ಸಿರಿಯ ಪಾಡ್ದನದಲ್ಲಿ ಅಬ್ಬಗೆ, ದಾರಗೆ ಎಂಬ ಅವಳಿ ಸೋದರಿಯರು ಚೆನ್ನೆಮಣೆಯ ಮುಂದೆ ಕುಳಿತು ಆಡುತ್ತಾರೆ, ಆಟ ಜಗಳವಾಗುತ್ತದೆ, ಜಗಳದಲ್ಲಿ ಚೆನ್ನೆಯ ಮಣೆಯೇ ಆಯುಧವಾಗಿ ಒಬ್ಬಳ ಪ್ರಾಣ ಹೋಗುತ್ತದೆ. ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರಾಗಿ ಚೆನ್ನೆ ಆಡಬಾರದೆಂಬ ನಂಬಿಕೆ ಇಂದಿಗೂ ಹಳೆಯ ಮನೆಗಳಲ್ಲಿ ಕೇಳಬರುತ್ತದೆ. ಭಾರತದ ವಿರಾಟಪರ್ವದಲ್ಲಿಯೂ ಇಂತಹುದೇ ಒಂದು ಸನ್ನಿವೇಶವಿದೆ. ಬೃಹನ್ನಳೆಯ ಪ್ರಶಂಸೆಯನ್ನು ಸಹಿಸಲಾರದ ವಿರಾಟರಾಯನು ಕೈಯಲ್ಲಿದ್ದ ದಾಳವನ್ನೇ ಕಂಕನ ಮುಖಕ್ಕೆ ಎಸೆದು ನೆತ್ತರು ಬರಿಸುತ್ತಾನೆ. ಈ ಎರಡು ಪ್ರಸಂಗಗಳನ್ನು ಸೂಕ್ಷ್ಮವಾಗಿ ಪರಾಮರ್ಶಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಅನರ್ಥವು ಆಟದೊಳಗಿನ ನಡೆಯಿಂದ ಆದುದಲ್ಲ. ಆಟವನ್ನು ಬಿಟ್ಟು ಕೈಯೆತ್ತಿದುದರಿಂದ ಆದುದು. ನಿಯಮದೊಳಗಿನ ಆಕ್ರಮಣ ಒಂದು. ನಿಯಮವನ್ನು ಮೀರಿದ ಕ್ರೋಧ ಮತ್ತೊಂದು. ಇವೆರಡನ್ನೂ ಒಂದೇ ಎಂದು ಬಗೆಯುವುದರಿಂದಲೇ ನಾವು ಅನೇಕ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇವೆ.

ಈ ಹೊಸ ಎಲೆಯಾಟದ ಸ್ವರೂಪವನ್ನು ತಿಳಿಯದವರಿಗಾಗಿ ಸಂಕ್ಷೇಪವಾಗಿ ಹೇಳಬೇಕು. ಎಲೆಯಾಟ ನಮ್ಮ ನಾಡಿಗೆ ಅಪರಿಚಿತವೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫದ ಎಲೆಗಳಲ್ಲಿ ಚದವೆಂಬ ಹೆಸರಿನ ಬಗೆಬಗೆಯ ಆಟಗಳನ್ನು ರಚಿಸಿ, ಅವನ್ನು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ದಾಖಲಿಸಿದರು, ಅವುಗಳಲ್ಲಿ ಕೆಲವು ಕಟ್ಟುಗಳಿಗೆ 360 ಎಲೆಗಳವರೆಗೂ ಇದ್ದವು. ಆದರೆ ಗಂಜೀಫವಾಗಲಿ ಇಸ್ಪೀಟಾಗಲಿ, ಕಟ್ಟು ಎಲ್ಲರಿಗೂ ಒಂದೇ. ಹಂಚಿ ಬಂದುದನ್ನು ಆಡಬೇಕು. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟವು ಈ ಕ್ರಮವನ್ನು ಬದಲಿಸಿತು. ಇಲ್ಲಿ ಪ್ರತಿಯೊಬ್ಬ ಆಟಗಾರನೂ ಸಾವಿರಾರು ಎಲೆಗಳಿಂದ ತನಗೆ ಬೇಕಾದುವನ್ನು ಆರಿಸಿ, ಕನಿಷ್ಠ 60 ಎಲೆಗಳ ತನ್ನದೇ ಆದ ಕಟ್ಟನ್ನು ಕಟ್ಟಿಕೊಂಡು ಬರುತ್ತಾನೆ. ಭೂಮಿಯೆಂಬ ಸಾಮಾನ್ಯ ಎಲೆಗಳ ಹೊರತು ಒಂದೇ ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಕೂಡದು. 1996ರಲ್ಲಿ ಜಪಾನಿನಲ್ಲಿ ಹೊರಬಂದ, ನಮ್ಮ ಮಕ್ಕಳಿಗೆ ಹೆಚ್ಚು ಪರಿಚಿತವಾದ ಪೋಕೆಮಾನ್ ಎಲೆಗಳೂ ಇದೇ ಸಂಪ್ರದಾಯದವು. ಎಂದಮೇಲೆ ಆಟದ ಅರ್ಧಭಾಗ ಆಡುವ ಮುನ್ನವೇ ಮನೆಯಲ್ಲಿ, ಆಯ್ಕೆಯ ಹೊತ್ತಿನಲ್ಲಿ ನಡೆದುಹೋಗಿರುತ್ತದೆ.

ಕಟ್ಟುಗಳಲ್ಲಿ ಸ್ಥೂಲವಾಗಿ ಎರಡು ಪಂಗಡಗಳು. ಎದುರಾಳಿಯ ನಡೆಗಳನ್ನು ತಡೆಯುತ್ತ, ಕಾಲವನ್ನು ನೂಕುತ್ತ, ಕೊನೆಗೆ ಮಹಾಬಲದ ಒಂದೆರಡು ಎಲೆಗಳಿಂದ ಗೆಲ್ಲುವುದು ಒಂದು. ಸಣ್ಣ ಸಣ್ಣ ಭಟರನ್ನು ಮೊದಲ ಸರದಿಯಿಂದಲೇ ಇಳಿಸಿ, ಎದುರಾಳಿ ಸಿದ್ಧನಾಗುವ ಮೊದಲೇ ಅವನ 20 ಪ್ರಾಣಾಂಕಗಳನ್ನು ಸೊನ್ನೆಗೆ ಇಳಿಸುವುದು ಇನ್ನೊಂದು. ಈ ಎರಡನೆಯದನ್ನೇ ಆಕ್ರಮಣದ ಕಟ್ಟು ಎನ್ನುವುದು.

ಕಳೆದ ಬೇಸಗೆಯ ರಜೆಯಲ್ಲಿ ಕಟಪಾಡಿಯ ಪರಿಸರದಲ್ಲಿ ಕೆಲವು ಯುವಕರು ತಮ್ಮೊಳಗೇ ಏರ್ಪಡಿಸಿಕೊಂಡ ಸಣ್ಣದೊಂದು ಪಂದ್ಯವನ್ನು ನೋಡುವ ಅವಕಾಶ ನನಗೆ ಒದಗಿತ್ತು. ಉಡುಪಿ, ಕಾಪು, ಕಾರ್ಕಳಗಳಿಂದ ಬಂದ ಹುಡುಗರೂ, ಮಣಿಪಾಲದಲ್ಲಿ ಓದುತ್ತಿರುವ ದೂರದೂರಿನ ಕೆಲವರೂ ಅಲ್ಲಿದ್ದರು. ಮಲ್ಲಿಗೆ ಕೃಷಿಯನ್ನು ನೆಚ್ಚಿದ ಮನೆಯ ಹುಡುಗನೊಬ್ಬ ಇಂತಹ ಆಕ್ರಮಣದ ಕಟ್ಟನ್ನು ತಂದಿದ್ದ. ಮೊದಲ ಸುತ್ತಿನಲ್ಲಿ ಎದುರಾಳಿ ತನ್ನ ಬೆಲೆಬಾಳುವ ಎಲೆಗಳನ್ನು ಇಳಿಸುವ ಮೊದಲೇ ಆಟ ಮುಗಿದಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಮಿತ್ರರೊಬ್ಬರು ನನ್ನ ಕಡೆ ತಿರುಗಿ, “ಏನು ಮಾರಾಯ್ರೆ, ಇದು ಬುದ್ಧಿಯ ಆಟವೋ, ಬರೀ ನುಗ್ಗಾಟವೋ?” ಎಂದರು. ಸೋತ ಹುಡುಗನ ಮುಖದಲ್ಲಿಯೂ ಅದೇ ಪ್ರಶ್ನೆಯಿತ್ತು. ಆ ಪ್ರಶ್ನೆಗೆ ಉತ್ತರ ಕೊಡುವುದು ಅವಶ್ಯವೆಂದು ನನಗೆ ತೋರುತ್ತದೆ. ಏಕೆಂದರೆ ಆ ಪ್ರಶ್ನೆ ಎಲೆಯಾಟದ ಅಂಗಳದಲ್ಲಿ ಮಾತ್ರವಲ್ಲ, ನಮ್ಮ ತರಗತಿಗಳಲ್ಲಿಯೂ ದಿನನಿತ್ಯ ಕೇಳಿಬರುವಂತಹುದು.

ಮೊದಲನೆಯದಾಗಿ, ಮುನ್ನುಗ್ಗುವವನು ಲೆಕ್ಕವಿಲ್ಲದೆ ನುಗ್ಗುತ್ತಾನೆಂಬುದು ಸುಳ್ಳು. ನಿಯಮವನ್ನು ಗಮನಿಸೋಣ. ಆರಂಭದಲ್ಲಿ ಕೈಗೆ ಏಳು ಎಲೆ. ಮೊದಲು ಆಡುವವನು ತನ್ನ ಮೊದಲ ಸರದಿಯಲ್ಲಿ ಹೊಸ ಎಲೆ ತೆಗೆಯುವಂತಿಲ್ಲ. ಅನಂತರ ಸರದಿಗೊಂದರಂತೆ ತೆಗೆಯಬೇಕು. ಹಾಗಾಗಿ ನಾಲ್ಕನೆಯ ಸರದಿಯ ಹೊತ್ತಿಗೆ ಅವನು ಕಂಡಿರುವುದು ಹತ್ತೇ ಎಲೆ. ಸರದಿಗೆ ಒಂದು ಭೂಮಿಯನ್ನು ಮಾತ್ರ ಇಡಬಹುದು. ಭೂಮಿಗಳೆಷ್ಟೋ ಅಷ್ಟೇ ವೆಚ್ಚಮಾಡಬಹುದು. ಇಳಿಸಿದ ಭಟ ಸಾಮಾನ್ಯವಾಗಿ ಮುಂದಿನ ಸರದಿಯಲ್ಲಷ್ಟೇ ಹೊಡೆಯಬಲ್ಲ. ಈಗ ಲೆಕ್ಕ ಮಾಡಿರಿ. ಮೊದಲ ಸರದಿಯಲ್ಲಿ ಇಳಿದ ಎರಡು ಬಲದ ಭಟ ಮುಂದಿನ ಮೂರು ಸರದಿಗಳಲ್ಲಿ ಹೊಡೆದರೆ ಆರು, ಎರಡನೆಯದರಲ್ಲಿ ಇಳಿದವನು ಎರಡು ಬಾರಿ ಹೊಡೆದರೆ ನಾಲ್ಕು, ಮೂರನೆಯದರಲ್ಲಿ ಇಳಿದ ಇಬ್ಬರು ಒಂದೊಂದು ಬಾರಿ ಹೊಡೆದರೆ ಮತ್ತೆ ನಾಲ್ಕು, ಒಟ್ಟು ಹದಿನಾಲ್ಕು. ಉಳಿದ ಆರಕ್ಕೆ ‘ಲೈಟ್ನಿಂಗ್ ಬೋಲ್ಟ್’ ಎಂಬ, ಮೂರು ಅಂಕ ಕಳೆಯುವ ಸಿಡಿಲಿನ ಎಲೆ ಎರಡು ಬೇಕು. ನಾಲ್ಕು ಭೂಮಿ, ನಾಲ್ವರು ಭಟರು, ಎರಡು ಸಿಡಿಲು, ಸರಿಯಾಗಿ ಹತ್ತು! ಒಂದು ಎಲೆ ವ್ಯರ್ಥವಾದರೂ, ಎದುರಾಳಿ ಒಬ್ಬ ಭಟನನ್ನು ತಡೆದರೂ ಆ ಲೆಕ್ಕ ಮುರಿದುಬೀಳುತ್ತದೆ. ಕಂಡರೆ ಆಸೆಯಾಗುವ ಮಹಾಬಲದ ಎಲೆಗಳನ್ನೆಲ್ಲ ಮನೆಯಲ್ಲಿಯೇ ಬಿಟ್ಟು, ತತ್‌ಕ್ಷಣ ಉಪಯೋಗಕ್ಕೆ ಬರುವ ಅಲ್ಪಬಲದ ಎಲೆಗಳನ್ನೇ ಆರಿಸಿ ತಂದವನಿಗೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಇದನ್ನು ದುಡುಕು ಎನ್ನುವುದಾದರೆ ಸಂಯಮಕ್ಕೆ ಬೇರೆ ಹೆಸರು ಹುಡುಕಬೇಕಾದೀತು.

ಎರಡನೆಯದಾಗಿ, ಆಕ್ರಮಣವು ತನ್ನನ್ನು ತಾನು ಅಪಾಯಕ್ಕೆ ಒಡ್ಡಿಕೊಳ್ಳುವ ನಡೆ. ಹೊಡೆಯಲು ಹೋದ ಭಟ, ಎದುರಾಳಿಯ ಸರದಿ ಬಂದಾಗ ಸಾಮಾನ್ಯವಾಗಿ ತನ್ನವರನ್ನು ಕಾಯಲಾರ. ಮನೆಯ ಬಾಗಿಲನ್ನು ತೆರೆದಿಟ್ಟು ಹೊರಡುವವನು ಬಾಗಿಲನ್ನು ಮುಚ್ಚಿಕೊಂಡವನಿಗಿಂತ ಹೆಚ್ಚು ಯೋಚಿಸಬೇಕಾಗುತ್ತದೆ. ಈ ಆಟದ ಬಗೆಗೆ ಮೈಕ್ ಫ್ಲೋರಿಸ್ ಎಂಬ ಆಟಗಾರ 1999ರಲ್ಲಿ ಬರೆದ ಲೇಖನವೊಂದು ಪ್ರಸಿದ್ಧವಾಗಿದೆ. ಇಬ್ಬರು ಎದುರಾದಾಗ ಯಾರು ಏರಿಹೋಗಬೇಕಾದವನು, ಯಾರು ತಡೆದು ನಿಲ್ಲಬೇಕಾದವನು ಎಂಬುದನ್ನು ತಪ್ಪಾಗಿ ತಿಳಿದವನಿಗೆ ಸೋಲು ಕಟ್ಟಿಟ್ಟದ್ದು ಎಂಬುದು ಅದರ ತಾತ್ಪರ್ಯ. ನಮ್ಮ ಕರಾವಳಿಯವರಿಗೆ ಇದು ಹೊಸ ತತ್ತ್ವವಲ್ಲ. ತಾಳಮದ್ದಳೆಯ ಕೂಟದಲ್ಲಿ ಒಳ್ಳೆಯ ಅರ್ಥಧಾರಿ ಎದುರಿನವನ ಮಾತನ್ನು ಖಂಡಿಸಲು ತೊಡಗುವ ಮುನ್ನ ಪಾತ್ರದ ಸ್ಥಿತಿಯನ್ನೂ ಪ್ರಸಂಗದ ಗತಿಯನ್ನೂ ಅಳೆದುಕೊಳ್ಳುತ್ತಾನೆ. ಬರಿಯ ಗಂಟಲಿನ ಬಲದಿಂದ ಏರುವವನನ್ನು ಸಭಿಕರು ಕ್ಷಣಮಾತ್ರದಲ್ಲಿ ಗುರುತಿಸುತ್ತಾರೆ. ಮೇಲೆ ಹೇಳಿದ ಹುಡುಗ ಎರಡನೆಯ ಸುತ್ತಿನಲ್ಲಿ, ತನ್ನದಕ್ಕಿಂತಲೂ ವೇಗದ ಕಟ್ಟು ಎದುರಾದಾಗ, ಇಬ್ಬರು ಭಟರನ್ನು ಹಿಂದಿರಿಸಿ ಕಾಯ್ದುಕೊಂಡು ಗೆದ್ದ. ಮೂರನೆಯ ಸುತ್ತಿನಲ್ಲಿ ಬರಿಯ ಭೂಮಿಯ ಎಲೆಗಳೇ ಒಂದರ ಹಿಂದೊಂದು ಬಂದು ಸೋತ. ಸೋತು ಎದ್ದು, ಎದುರಾಳಿಯ ಕೈಕುಲುಕಿ, ಎಲೆಗಳನ್ನು ಜೋಡಿಸಿಟ್ಟುಕೊಂಡ. ಆ ಕೈಕುಲುಕಿನಲ್ಲಿ ಕಂಡ ಶಿಕ್ಷಣವನ್ನು ಯಾವ ಪಠ್ಯಕ್ರಮದಲ್ಲಿ ಅಳವಡಿಸಬಹುದೆಂದು ನಾನು ಬಹುಕಾಲ ಯೋಚಿಸಿದ್ದೇನೆ.

ಮೂರನೆಯ ಅಂಶ ಇನ್ನೂ ಮುಖ್ಯವಾದುದು. ಈ ಆಟದಲ್ಲಿ ಎಲೆಗಳನ್ನು ಕೊಳ್ಳಬೇಕು. ಅಪರೂಪದ ಒಂದೊಂದು ಎಲೆಗೆ ಸಾವಿರಾರು ರೂಪಾಯಿ ಬೆಲೆಯುಂಟು. ನಿಧಾನವಾಗಿ ತಡೆದು ಆಡುವ ಕಟ್ಟುಗಳಿಗೆ ಅನೇಕವೇಳೆ ಇಂತಹ ದುಬಾರಿ ಎಲೆಗಳೇ ಆಧಾರ. ಆಕ್ರಮಣದ ಕಟ್ಟನ್ನಾದರೋ ಇತರರು ಕಡೆಗಣಿಸಿದ ಅಗ್ಗದ ಎಲೆಗಳಿಂದಲೂ ಕಟ್ಟಬಹುದು. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಪಾಲ್ ಸ್ಲೈ ಎಂಬಾತ, ಜೇ ಷ್ನೈಡರ್ ಯೋಜಿಸಿದ ಇಂತಹ ಕಟ್ಟನ್ನು ಹಿಡಿದು ಅರ್ಹತಾ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆದ. ಬಿಡಿಬಿಡಿಯಾಗಿ ನೋಡಿದರೆ ಕೆಲಸಕ್ಕೆ ಬಾರದವೆನಿಸುವ ಎಲೆಗಳು, ಸರದಿಯ ಲೆಕ್ಕಕ್ಕೆ ಹೊಂದುವಂತೆ ಕೂಡಿದಾಗ ಎಷ್ಟು ಬಲಿಷ್ಠವಾಗಬಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು. ನಮ್ಮ ನೆರೆಯ ಶಂಕರಪುರದ ಮಲ್ಲಿಗೆಯವರಿಗೆ ಈ ಮರ್ಮ ತಿಳಿದೇ ಇದೆ. ಮೊಗ್ಗನ್ನು ಮುಂಜಾನೆಯೇ ಕೊಯ್ದು, ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಿದರೆ ಅದಕ್ಕೆ ಬೆಲೆ. ನಾಳೆಗೆಂದು ಇಟ್ಟರೆ ಅದು ಬಾಡಿದ ಹೂವು. ಕೂಡಿಡುವ ಐಶ್ವರ್ಯವಿಲ್ಲದವನಿಗೆ ಕಾಲವೇ ಬಂಡವಾಳ. ಕೈಯಲ್ಲಿ ಹೆಚ್ಚಿಲ್ಲದ ಹುಡುಗ ವೇಗವನ್ನು ತನ್ನ ಸಾಧನವಾಗಿ ಆರಿಸಿಕೊಂಡರೆ, ಬೆಲೆಬಾಳುವ ಕಟ್ಟಿನವರು ಅದನ್ನು ಬುದ್ಧಿಹೀನವೆಂದು ಜರೆಯುವುದು ಎಷ್ಟರಮಟ್ಟಿಗೆ ನ್ಯಾಯ?

ಆಕ್ಷೇಪಿಸುವವರ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಇದರ ಅರ್ಥವಲ್ಲ. ವೇಗದ ಗೆಲುವಿನ ರುಚಿ ಹತ್ತಿದವನು ಬೇರೆ ಬಗೆಯ ಆಟವನ್ನು ಕಲಿಯದೆ ಅಲ್ಲಿಯೇ ನಿಂತುಬಿಡುವ ಅಪಾಯವುಂಟು. ಎದುರಾಳಿಯ ಅಸಹಾಯಕತೆಯನ್ನು ಕಂಡು ಹಿಗ್ಗುವ ಚಾಳಿಯೂ ಬೆಳೆಯಬಹುದು. ಹೊಸ ಎಲೆಗಾಗಿ ಮನೆಯವರನ್ನು ಪೀಡಿಸುವುದು, ಎಲೆಗಳನ್ನೇ ಪಣವಾಗಿ ಒಡ್ಡುವುದು, ಇವು ನಿಸ್ಸಂಶಯವಾಗಿ ತಡೆಯತಕ್ಕವು. ಧರ್ಮರಾಯನ ದ್ಯೂತದಲ್ಲಿ ರಾಜ್ಯವನ್ನು ನುಂಗಿದುದು ಪಣ. ಪಣವಿಲ್ಲದಿದ್ದರೆ ದಾಳಗಳು ಬರಿಯ ದಾಳಗಳೇ ಆಗಿ ಉಳಿಯುತ್ತಿದ್ದವು. ಆದರೆ ಈ ದೋಷಗಳು ಆಕ್ರಮಣದ ಕಟ್ಟಿಗೆ ಮಾತ್ರ ಅಂಟಿದವಲ್ಲ. ತಾಳ್ಮೆಯ ಕಟ್ಟಿನವನೂ ದರ್ಪಿಷ್ಠನಾಗಬಲ್ಲ, ಜೂಜುಕೋರನಾಗಬಲ್ಲ.

ಆದುದರಿಂದ ಶಾಲೆಗಳು ಮಾಡಬೇಕಾದುದೇನು? ಚೀಲ ಶೋಧಿಸಿ ಎಲೆಗಳನ್ನು ಕಿತ್ತುಕೊಳ್ಳುವುದು ಸುಲಭ. ಅದರಿಂದ ಆಟ ಗೋಡೆಯ ಆಚೆ ಹೋಗುವುದೇ ಹೊರತು ನಿಲ್ಲುವುದಿಲ್ಲ. ಅದರ ಬದಲು ಶಾಲೆಯ ವತಿಯಿಂದ ಅಗ್ಗದ ಎಲೆಗಳ ಒಂದು ಸಾಮಾನ್ಯ ಪೆಟ್ಟಿಗೆಯನ್ನು ಇರಿಸಬಹುದು. ಎಂಟು ಮಕ್ಕಳು ಕುಳಿತು, ಕೈಯಿಂದ ಕೈಗೆ ಎಲೆಗಳನ್ನು ಸಾಗಿಸುತ್ತ, ಒಬ್ಬೊಬ್ಬರು 45 ಎಲೆಗಳನ್ನು ಆರಿಸಿಕೊಳ್ಳಲು 360 ಎಲೆಗಳು ಸಾಕು. ಭೂಮಿಯ ಎಲೆಗಳಷ್ಟೇ ಪ್ರತ್ಯೇಕವಾಗಿ ಬೇಕು. ಆರಿಸಿದುದರಿಂದ 40 ಎಲೆಗಳ ಕಟ್ಟನ್ನು ಕಟ್ಟಿ ಆಡಿ, ಆಟ ಮುಗಿದೊಡನೆ ಎಲ್ಲವನ್ನೂ ಪೆಟ್ಟಿಗೆಗೆ ಮರಳಿಸುವುದು. ಈ ಕ್ರಮ ಆಟ ಬಲ್ಲವರಲ್ಲಿ ಈಗಾಗಲೇ ರೂಢಿಯಲ್ಲಿದೆ. ಇಲ್ಲಿ ಯಾರೂ ಕೊಳ್ಳುವಂತಿಲ್ಲ, ಪಣವೊಡ್ಡುವಂತಿಲ್ಲ. ಸಿರಿವಂತನ ಮಗನೂ ಬಡವನ ಮಗನೂ ಒಂದೇ ಪೆಟ್ಟಿಗೆಗೆ ಕೈಹಾಕುತ್ತಾರೆ. ದಾನಿಗಳು ಕ್ರೀಡಾಸಾಮಗ್ರಿಗೆಂದು ನೀಡುವ ಹಣದ ಅಲ್ಪಾಂಶದಿಂದ ಇದು ಸಾಧ್ಯ. ಉಪಾಧ್ಯಾಯರೊಬ್ಬರು ಬಳಿಯಲ್ಲಿದ್ದು, ಆಟದ ಅನಂತರ ಒಂದೇ ಪ್ರಶ್ನೆ ಕೇಳಿದರೆ ಸಾಕು: “ಈ ಎಲೆಯನ್ನು ಏಕೆ ಆರಿಸಿದೆ?”

ಉತ್ತರ ಕೊಡಬಲ್ಲ ಹುಡುಗ ಏರಿಹೋಗಿ ಆಡಿರಲಿ, ತಡೆದು ಆಡಿರಲಿ, ಅವನು ಬುದ್ಧಿಯಿಂದ ಆಡಿದ್ದಾನೆ. ಉತ್ತರವಿಲ್ಲದವನಿಗೆ ಕಲಿಸುವುದೇ ನಮ್ಮ ವೃತ್ತಿ. ತರಗತಿಯಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವ ಮಗುವನ್ನು “ಸುಮ್ಮನಿರು” ಎಂದು ಕುಳ್ಳಿರಿಸುವ ಮುನ್ನ, ಅದರ ಉತ್ತರವನ್ನು ಒಮ್ಮೆ ಕೇಳಿ ನೋಡುವ ಔದಾರ್ಯ ನಮ್ಮಲ್ಲಿರಬೇಕು.