ಸೊರಟೂರಿನ ಬೆಳ್ಳಿಯಪ್ಪ, ಮುಧೋಳದ ಫರ್ಮಾನು

2021ರ ಜನವರಿಯಲ್ಲಿ ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ, ಗಡಿವಿವಾದ ಕುರಿತು ತಮ್ಮ ಸರ್ಕಾರವೇ ಹೊರತಂದ ಪುಸ್ತಕವನ್ನು ಬಿಡುಗಡೆ ಮಾಡಿ ಕರ್ನಾಟಕದಲ್ಲಿರುವ ಮರಾಠಿ ಪ್ರದೇಶಗಳನ್ನು ಮರಳಿ ಪಡೆಯುವ ಮಾತಾಡಿದರು. ಆಗ ಉಪಮುಖ್ಯಮಂತ್ರಿಯೂ ಮುಧೋಳದ ಶಾಸಕರೂ ಆಗಿದ್ದ ಗೋವಿಂದ ಕಾರಜೋಳರು ಅದಕ್ಕೆ ಇತಿಹಾಸದಿಂದಲೇ ಉತ್ತರ ಕೊಟ್ಟರು. ಶಿವಾಜಿಯ ಮೂಲಪುರುಷ ಬೆಳ್ಳಿಯಪ್ಪ ಗದಗ ಸೀಮೆಯ ಸೊರಟೂರಿನವನು, ಬರಗಾಲ ಬಿದ್ದಾಗ ಮಹಾರಾಷ್ಟ್ರಕ್ಕೆ ಹೋದವನು, ಹಾಗಾಗಿ ಶಿವಾಜಿ ಕನ್ನಡಿಗ ಎಂದರು. ನಮ್ಮ ಕಡೆ ಬಹಳ ಮಂದಿಗೆ ಇದು ಹಿಡಿಸಿತು. ನನ್ನ ತಕರಾರು ಬೆಳ್ಳಿಯಪ್ಪನ ಮೇಲಿಲ್ಲ, ಅವನು ಸೊರಟೂರಿನವನೇ ಇದ್ದಿರಬಹುದು. ಆದರೆ ವಿದ್ವಾಂಸನ ಬರಹದಲ್ಲಿ ‘ಇರಬಹುದು’ ಎಂದಿದ್ದ ಮಾತು ಅಧಿಕಾರದ ಬಾಯಿಗೆ ಬರುವಷ್ಟರಲ್ಲಿ ‘ಹೌದು’ ಆಗಿಬಿಡುತ್ತದೆ. ಹಾಗಾಗುವಾಗ ವಿದ್ವತ್ತು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಕೇಳಬೇಕಾಗಿದೆ.

ಈ ವಾದವನ್ನು ವಿಸ್ತಾರವಾಗಿ ಮಂಡಿಸಿದವರು ಮರಾಠಿ ಸಂಶೋಧಕ ರಾಮಚಂದ್ರ ಚಿಂತಾಮಣ ಢೇರೆ. ಶಿವಾಜಿಯ ಮನೆತನವಾದ ಭೋಸಲೆಯವರ ಕುಲದೈವ ಶಿಖರ ಶಿಂಗಣಾಪುರದ ಶಂಭು ಮಹಾದೇವನ ಜಾಡು ಹಿಡಿದು ಅವರು ದಕ್ಷಿಣಕ್ಕೆ, ಕನ್ನಡ ನೆಲಕ್ಕೆ ಬಂದರು. ಮರಾಠಿಯಲ್ಲಿ, ಮರಾಠಿಗರ ನಡುವೆಯೇ ನಿಂತು, ಅವರು ತಲೆಯ ಮೇಲಿಟ್ಟುಕೊಂಡ ದೊರೆಯ ಬೇರು ಬೇರೆಡೆ ಇದೆ ಎನ್ನುವುದಕ್ಕೆ ಎದೆಗಾರಿಕೆ ಬೇಕು. ಅದೇ ಮಾತನ್ನು ಬೆಂಗಳೂರಿನ ಮಂತ್ರಿಯೊಬ್ಬರು ಮುಂಬಯಿಯ ಕಡೆಗೆ ಬೀಸಿದಾಗ ಆ ಎದೆಗಾರಿಕೆ ಮಾಯವಾಗುತ್ತದೆ, ಉಳಿಯುವುದು ಕಲ್ಲು ಮಾತ್ರ. ಢೇರೆಯವರು ಹೇಳಿದ್ದು ಅವರ ಓಣಿಗೆ ಹಿತವಲ್ಲದ ಮಾತು. ಮಂತ್ರಿಗಳು ಹೇಳಿದ್ದು ನಮ್ಮ ಓಣಿಗೆ ಸಿಹಿಯಾದದ್ದು.

ಅಧಿಕಾರಕ್ಕೆ ಹಿತವಾದ ವಂಶಾವಳಿ ಮುಧೋಳಕ್ಕೆ ಹೊಸದೇನಲ್ಲ. ಸಂಸ್ಥಾನದ ಕಾಲದಲ್ಲಿ, 1934ರಲ್ಲಿ, ಇತಿಹಾಸಕಾರ ದತ್ತಾತ್ರೇಯ ವಿಷ್ಣು ಆಪ್ಟೆ ಇಲ್ಲಿನ ಘೋರ್ಪಡೆ ಮನೆತನದ ಚರಿತ್ರೆಯನ್ನು ಮರಾಠಿಯಲ್ಲಿ ಬರೆದರು. ಅರಮನೆಯಲ್ಲಿದ್ದ ಬಹಮನಿ ಮತ್ತು ಆದಿಲಶಾಹಿ ಫರ್ಮಾನುಗಳು, ಅಂದರೆ ಸುಲ್ತಾನರ ಆಜ್ಞಾಪತ್ರಗಳು, ಅದಕ್ಕೆ ಆಧಾರ. ಅವುಗಳ ಪ್ರಕಾರ ಘೋರ್ಪಡೆಯವರೂ ಭೋಸಲೆಯವರೂ ಒಂದೇ ಬಳ್ಳಿಯವರು, ಆ ಬಳ್ಳಿ ಮೇವಾಡದ ಸಿಸೋದಿಯಾ ರಾಣರದು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಬಾಲಕೃಷ್ಣರು ಅದಕ್ಕೂ ಮೊದಲೇ, 1932ರ ತಮ್ಮ ಶಿವಾಜಿ ಚರಿತ್ರೆಯಲ್ಲಿ ಈ ಫರ್ಮಾನುಗಳನ್ನು ಬಳಸಿಕೊಂಡಿದ್ದರು. ಮುಧೋಳದ ಬಾಜಿ ಘೋರ್ಪಡೆ 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದವನು, ಆ ಸೇಡಿಗೆ ಶಿವಾಜಿಯ ಕೈಯಲ್ಲಿ ಸತ್ತವನು. ಅಂಥ ಎರಡು ಮನೆಗಳನ್ನು ಒಂದೇ ರಜಪೂತ ರಕ್ತಕ್ಕೆ ಸೇರಿಸುವ ಕಾಗದ ಆ ಹೊತ್ತಿನ ಅರಮನೆಗಳಿಗೆ ಎಷ್ಟು ಬೇಕಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಮುಂದೆ ಇತಿಹಾಸಕಾರರು ಆ ಫರ್ಮಾನುಗಳನ್ನೇ ಸಂಶಯದಿಂದ ನೋಡಿದರು. ಆಪ್ಟೆಯವರನ್ನು ನಾನು ಸುಳ್ಳುಗಾರ ಎನ್ನುತ್ತಿಲ್ಲ. ಕಾಗದಗಳು ಹೊರಬಂದದ್ದರಿಂದಲೇ ಅವುಗಳನ್ನು ಒರೆಗೆ ಹಚ್ಚಲು ಸಾಧ್ಯವಾಯಿತು, ಅಷ್ಟರ ಮಟ್ಟಿಗೆ ಅವರ ಋಣ ನಮ್ಮ ಮೇಲಿದೆ. ಆದರೆ ಆಶ್ರಯ ಕೊಟ್ಟವನಿಗೆ ಬೇಕಾದದ್ದೇ ಕೈಗೆ ಸಿಕ್ಕಾಗ ವಿದ್ವಾಂಸ ಎರಡು ಪಟ್ಟು ಅನುಮಾನ ಪಡಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಆಶ್ರಯವಿಲ್ಲದೆ ವಿದ್ವತ್ತು ಎಲ್ಲಿತ್ತು? ಇದೇ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಚಾಳುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡವನು, ‘ಗದಾಯುದ್ಧ’ದಲ್ಲಿ ದೊರೆ ಸತ್ಯಾಶ್ರಯನನ್ನೇ ಭೀಮನನ್ನಾಗಿ ಮಾಡಿದವನು. ನಿಜ. ಆದರೆ ರನ್ನ ಅದನ್ನು ಮುಚ್ಚಿಡಲಿಲ್ಲ, ದೊರೆಗೂ ಭೀಮನಿಗೂ ಗಂಟು ಹಾಕಿದ್ದನ್ನು ಕಾವ್ಯದಲ್ಲೇ ಸಾರಿದ. ಇನ್ನೂ ದೊಡ್ಡ ಸಂಗತಿಯೆಂದರೆ, ದೊರೆಯ ಎದುರಾಳಿಯ ಜಾಗದಲ್ಲಿ ನಿಂತ ದುರ್ಯೋಧನನಿಗೆ ಅವನು ಕೊಟ್ಟ ಘನತೆ. ಹೆಣಗಳ ನಡುವೆ ತನ್ನವರನ್ನು ನೆನೆದು ಮರುಗುವ ಆ ಕೌರವನ ಮುಂದೆ ಓದುಗ ಭೀಮನನ್ನೇ ಮರೆಯುತ್ತಾನೆ. ಸತ್ಯಾಶ್ರಯನಿಗೆ ಅದರಿಂದ ಲಾಭವೇನೂ ಇರಲಿಲ್ಲ. ಆಶ್ರಯ ಪಡೆದವನ ಬರಹದಲ್ಲಿ ಆಶ್ರಯದಾತನಿಗೆ ಉಪಯೋಗಕ್ಕೆ ಬಾರದ ಸತ್ಯವೂ ಇದೆಯೇ ಎಂದು ನೋಡಿದರೆ ಸಾಕು, ರನ್ನ ಆ ಪರೀಕ್ಷೆಯಲ್ಲಿ ಗೆಲ್ಲುತ್ತಾನೆ.

ಇನ್ನೊಂದು ಆಕ್ಷೇಪ ಹೆಚ್ಚು ಬಿಸಿಯಾದದ್ದು. ಅವರು ಸರ್ಕಾರಿ ಹಣದಲ್ಲಿ ಪುಸ್ತಕ ಬರೆಸಿ ನಮ್ಮ ನೆಲ ಕೇಳುವಾಗ ನಾವು ಅಡಿಟಿಪ್ಪಣಿ ನೋಡುತ್ತ ಕೂರಬೇಕೇ ಎಂದು ಕೇಳುತ್ತಾರೆ. ಹಾಗೆ ಕೇಳುವವರು ಈ ವಾದ ಎಲ್ಲಿಗೆ ಮುಟ್ಟುತ್ತದೆಂದು ಯೋಚಿಸಲಿ. ಆಳಿದವನ ಮೂಲ ನೋಡಿ ನೆಲ ಯಾರದೆಂದು ತೀರ್ಮಾನಿಸುವುದಾದರೆ ಕಳೆದುಕೊಳ್ಳುವವರು ನಾವೇ. ಜಮಖಂಡಿಯನ್ನು ಆಳಿದವರು ಕೊಂಕಣದಿಂದ ಬಂದ ಪಟವರ್ಧನರು, ಮುಧೋಳವನ್ನು ಆಳಿದವರು ಘೋರ್ಪಡೆಯವರು, ಬೀಳಗಿ ಇದ್ದದ್ದು ಇಂಗ್ಲಿಷರ ಕೈಯಲ್ಲಿ. ಈ ಊರುಗಳು 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದದ್ದು ಯಾವ ದೊರೆಯ ವಂಶಾವಳಿಯಿಂದಲೂ ಅಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮುಂದೆ, ಬೀಳಗಿಯ ಜೋಳದ ಹೊಲದಲ್ಲಿ ಜನ ಕನ್ನಡ ಆಡುತ್ತಿದ್ದರು, ಅದರಿಂದ ಬಂದವು. ಗಡಿವಿವಾದ ಕುರಿತ 1967ರ ಮಹಾಜನ ವರದಿಯನ್ನು ನಾವು ಒಪ್ಪಿರುವುದೂ ಬೆಳ್ಳಿಯಪ್ಪನನ್ನು ನಂಬಿಯಲ್ಲ. ನಮ್ಮ ಬಳಿ ಜನರ ಭಾಷೆಯೆಂಬ ಗಟ್ಟಿ ಸಾಕ್ಷ್ಯವಿರುವಾಗ, ಅದನ್ನು ಬಿಟ್ಟು ಶತಮಾನಗಳ ಹಿಂದಿನ ವಂಶಮೂಲದ ಊಹೆಗೆ ಜೋತುಬೀಳುವುದು ನಮ್ಮ ವಕಾಲತ್ತನ್ನು ನಾವೇ ಸಡಿಲಿಸಿಕೊಂಡಂತೆ.

ಹಾಗಾದರೆ ‘ಸ್ವಾಮಿ, ಇದು ಇನ್ನೂ ಊಹೆ’ ಎಂದು ಮಂತ್ರಿಗಳಿಗೆ ಹೇಳಬೇಕಾದವರು ಯಾರು? ಇಲ್ಲಿಯ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕರು. ಬಾಗಲಕೋಟೆ ವಿಶ್ವವಿದ್ಯಾಲಯ ಇರುವುದು ಜಮಖಂಡಿಯಲ್ಲೇ, ಮುಧೋಳದ ಮಗ್ಗುಲಲ್ಲಿ. ಆದರೆ ಹುಟ್ಟಿ ಎರಡು ವರ್ಷವಾಗುವಷ್ಟರಲ್ಲಿ, 2025ರ ಆರಂಭದಲ್ಲಿ, ಹಣವಿಲ್ಲವೆಂದು ಮುಚ್ಚುವ ಮಾತು ಕೇಳಿಬಂದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಕೊಟ್ಟದ್ದು ಒಂದು ಪಕ್ಷದ ಸರ್ಕಾರ, ಮುಚ್ಚಲು ಯೋಚಿಸಿದ್ದು ಇನ್ನೊಂದು ಪಕ್ಷದ್ದು. ಸಂಪುಟದ ಒಂದು ಸಭೆಗೆ ಹೆದರಬೇಕಾದ ಸಂಸ್ಥೆಯಲ್ಲಿ ಕುಳಿತು ಯಾವ ಪ್ರಾಧ್ಯಾಪಕ ಯಾವ ಮಂತ್ರಿಯನ್ನು ತಿದ್ದಿಯಾನು? ಕಾಯಂ ಹುದ್ದೆಗಳನ್ನು ತುಂಬಿ, ಅನುದಾನಕ್ಕೆ ಕಾನೂನಿನ ಭದ್ರತೆ ಕೊಟ್ಟು, ಮುಧೋಳದ ಫರ್ಮಾನುಗಳನ್ನು ಓದಬಲ್ಲ ಫಾರಸಿಯನ್ನೂ ಮೋಡಿ ಲಿಪಿಯನ್ನೂ ಅಲ್ಲಿ ಕಲಿಸಲಿ. ಬೆಳ್ಳಿಯಪ್ಪ ಎಲ್ಲಿಯವನೆಂದು ಆಮೇಲೆ ಅವರನ್ನು ಕೇಳೋಣ, ಅವರು ಏನು ಹೇಳಿದರೂ ಕೇಳಿಸಿಕೊಳ್ಳೋಣ.