ಸರ್ವರಿಗೆ ತೂಬಿದೆ, ಕೋಡಿ ಎಲ್ಲಿ?

ಹೋಬಳಿ ಮಟ್ಟದ ಕಚೇರಿಗಳಲ್ಲಿ ಒಂದು ಕಾಲಕ್ಕೆ ‘ಸಾಹೇಬರು ಇಲ್ಲ’ ಎಂಬ ಉತ್ತರಕ್ಕೆ ಮರುಮಾತಿರಲಿಲ್ಲ. ಈಗ ಆ ಸ್ಥಾನದಲ್ಲಿ ‘ಸರ್ವರ್ ಇಲ್ಲ’ ಬಂದು ಕುಳಿತಿದೆ. ಸಾಹೇಬರ ಗೈರುಹಾಜರಿಗೆ ಕಾರಣ ಕೇಳಬಹುದಿತ್ತು, ಮೇಲಿನವರಿಗೆ ಅರ್ಜಿ ಬರೆಯಬಹುದಿತ್ತು. ಸರ್ವರ್ ಮಾತ್ರ ಮಳೆಯಂತೆ ದೈವಾಧೀನವೆಂದು ಜನರೂ ಅಧಿಕಾರಿಗಳೂ ಒಪ್ಪಿಕೊಂಡುಬಿಟ್ಟಂತಿದೆ. ಹುಳಿಯಾರು, ತಿಪಟೂರು, ತುರುವೇಕೆರೆ ಸೀಮೆಯ ತೆಂಗು ಬೆಳೆಗಾರರಿಗೆ ಈ ಒಪ್ಪಿಗೆ ದುಬಾರಿಯಾಗಬಲ್ಲದು.

2024ರ ಆರಂಭವನ್ನು ನೆನೆಯಬಹುದು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ರಾಜ್ಯದ ಪ್ರೋತ್ಸಾಹಧನ 1,500. ಮಾರುಕಟ್ಟೆಯ ಧಾರಣೆ ಇದಕ್ಕಿಂತ ಬಹಳ ಕೆಳಗಿತ್ತು. ಕ್ವಿಂಟಲಿಗೆ ಮೂರು ಸಾವಿರದ ಅಂತರವೆಂದರೂ ಹತ್ತು ಕ್ವಿಂಟಲ್ ಕೊಬ್ಬರಿ ಅಟ್ಟದಲ್ಲಿರುವ ಮನೆಗೆ ಮೂವತ್ತು ಸಾವಿರ ರೂಪಾಯಿಯ ಮಾತು. ನಾಫೆಡ್ ಮೂಲಕ ಖರೀದಿಸುವ ಪ್ರಮಾಣಕ್ಕೆ ಮಾತ್ರ ಮಿತಿಯಿತ್ತು. ಮೊದಲು ಹೆಸರು ನೋಂದಾಯಿಸಿದವರಿಗೆ ಮೊದಲ ಅವಕಾಶ. ನೋಂದಣಿ ಕೇಂದ್ರಗಳ ಮುಂದೆ ರೈತರು ರಾತ್ರಿಯೇ ಬಂದು ಸರತಿಯಲ್ಲಿ ಕುಳಿತರು. ಅಕ್ರಮದ ದೂರುಗಳು ಬಂದು ಆ ನೋಂದಣಿಯೇ ರದ್ದಾಗಿ, ಮಾರ್ಚಿನಲ್ಲಿ ಮತ್ತೆ ಹೊಸದಾಗಿ ಆರಂಭಿಸಬೇಕಾಯಿತು.

ಅಕ್ರಮದ ವಿಚಾರ ಬೇರೆಯೇ ಚರ್ಚೆಗೆ ತಕ್ಕದ್ದು. ಇಲ್ಲಿ ಗಮನಿಸಬೇಕಾದುದು ನಿಯಮದ ಸ್ವರೂಪ. ಮೊದಲು ಬಂದವರಿಗೆ ಮೊದಲು ಎಂಬ ಒಂದು ಸಾಲು ಸರ್ವರಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಸರಳ ಲೆಕ್ಕದಲ್ಲಿ ನೋಡಬಹುದು. ಐವತ್ತು ಸಾವಿರ ರೈತರು, ಒಬ್ಬೊಬ್ಬರ ಅರ್ಜಿ ಮತ್ತು ದಾಖಲೆಗಳ ಸಾಗಣೆ ಎರಡು ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ಒಟ್ಟು ನೂರು ಗಿಗಾಬೈಟ್. ಸೆಕೆಂಡಿಗೆ ಒಂದೇ ಮೆಗಾಬಿಟ್ ಸಾಗಿಸುವ ಬಡಕಲು ತಂತಿಯೂ ಬಿಡುವಿಲ್ಲದೆ ದುಡಿದರೆ ಮೂವತ್ತು ದಿನದಲ್ಲಿ 324 ಗಿಗಾಬೈಟ್ ಸಾಗಿಸಬಲ್ಲದು. ಅಂದರೆ ತಿಂಗಳ ಲೆಕ್ಕದಲ್ಲಿ ನಮ್ಮ ನೋಂದಣಿ ಏನೇನೂ ಭಾರವಲ್ಲ. ಅದೇ ಐವತ್ತು ಸಾವಿರ ಜನ ಮೊದಲ ಒಂದು ಗಂಟೆಯಲ್ಲಿ ನುಗ್ಗಿದರೆ ಸೆಕೆಂಡಿಗೆ 222 ಮೆಗಾಬಿಟ್ ಬೇಕು. ಪುಟ ತೆರೆಯಲಿಲ್ಲವೆಂದು ಪ್ರತಿಯೊಬ್ಬರೂ ಐದೈದು ಬಾರಿ ಗುಂಡಿ ಒತ್ತಿದರೆ ಸಾವಿರದ ನೂರು ದಾಟುತ್ತದೆ. ಹದಿನೈದು ದಿನ, ದಿನಕ್ಕೆ ಎಂಟು ಗಂಟೆ ಹಂಚಿದರೆ? ಸರಾಸರಿ ಎರಡಕ್ಕಿಂತ ಕಡಿಮೆ.

ಆದರೆ ಸರ್ಕಾರಿ ಟಿಪ್ಪಣಿಗಳಲ್ಲಿ ಈ ತೊಂದರೆಗೆ ಸಿಗುವ ಪರಿಹಾರ ಸಾಮಾನ್ಯವಾಗಿ ಒಂದೇ: ‘ಸರ್ವರ್ ಸಾಮರ್ಥ್ಯ ಹೆಚ್ಚಿಸುವುದು’. ತಂತಿ ದಪ್ಪವಾದ ಮಾತ್ರಕ್ಕೆ ಕೆಲಸ ಸುಗಮವಾಗುವುದಿಲ್ಲ. ರೈತನ ಫ್ರೂಟ್ಸ್ ಗುರುತಿನ ಸಂಖ್ಯೆ, ಆಧಾರ್, ಪಹಣಿ ಇವುಗಳನ್ನೆಲ್ಲ ತಾಳೆ ನೋಡುವ ಸರಪಳಿಯಲ್ಲಿ ಯಾವ ಕೊಂಡಿ ನಿಧಾನವೋ ಅದೇ ಇಡೀ ವ್ಯವಸ್ಥೆಯ ವೇಗ.

ನಮ್ಮ ಕೆರೆ ಕಟ್ಟಿದವರಿಗೆ ಇದು ತಿಳಿದಿತ್ತು. ತೂಬು ಎಷ್ಟು ನೀರು ಬಿಡಬೇಕೆಂದು ನಿರ್ಧರಿಸುತ್ತದೆ. ಮಿಕ್ಕದ್ದು ಏರಿಯನ್ನು ಒಡೆಯದಂತೆ ಕೋಡಿ ಬೇರೆ ದಾರಿಗೆ ತಿರುಗಿಸುತ್ತದೆ. ಎರಡನ್ನೂ ನೋಡಿಕೊಳ್ಳಲು ನೀರುಗಂಟಿ ಇರುತ್ತಾನೆ. ಕೋಡಿಯಿಲ್ಲದ ಕೆರೆಯನ್ನು ಯಾರೂ ಕಟ್ಟಲಿಲ್ಲ. ಸರ್ವರಿನಲ್ಲಿ ತೂಬಿನ ಕೆಲಸ ಮಾಡುವುದು ಬ್ಯಾಂಡ್‌ವಿಡ್ತ್ ಮಿತಿ, ಕೋಡಿಯ ಕೆಲಸ ಮಾಡುವುದು ರೀಡೈರೆಕ್ಟ್.

ಮಿತಿ ಬೇಕೇಬೇಕು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ 2025ರ ಜನವರಿಯಲ್ಲಿ ನಡೆದ ದಾಳಿಯೇ ಸಾಕ್ಷಿ. 62 ಇಮೇಲ್ ಖಾತೆಗಳನ್ನು ಬಳಸಿ, 14 ಐಪಿ ವಿಳಾಸಗಳಿಂದ ಸುಳ್ಳು ಕೋರಿಕೆಗಳ ಮಹಾಪೂರ ಹರಿಯಿತು. ಎರಡೇ ಗಂಟೆಯಲ್ಲಿ 6.2 ಲಕ್ಷ. ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಕುಸಿಯಿತು, ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಒಂದು ಖಾತೆ ಒಂದು ನಿಮಿಷದಲ್ಲಿ ಎಷ್ಟು ಋಣಭಾರ ಪ್ರಮಾಣಪತ್ರ ಹುಡುಕಬಹುದೆಂಬ ಮಿತಿ ಬಿಗಿಯಾಗಿದ್ದರೆ ಇಂಥ ದಾಳಿಯ ಬಲ ತಗ್ಗುತ್ತದೆ.

ಆದರೆ ಮಿತಿಯನ್ನು ಎಲ್ಲಿ ಹಾಕಬೇಕೆಂಬುದು ಬೆಂಗಳೂರಿನಲ್ಲಿ ಕುಳಿತವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಒಂದು ಐಪಿ ವಿಳಾಸಕ್ಕೆ ಇಷ್ಟೇ ಕೋರಿಕೆ ಎಂದು ಕಟ್ಟು ಹಾಕುವುದು ಅತ್ಯಂತ ಸುಲಭದ ಉಪಾಯ. ಹುಳಿಯಾರಿನಂಥ ಊರಿನಲ್ಲಿ ಒಂದು ಸೈಬರ್ ಅಂಗಡಿಯ ಅಥವಾ ಗ್ರಾಮ ಒನ್ ಕೇಂದ್ರದ ಒಂದೇ ವಿಳಾಸದಿಂದ ಸುತ್ತಲಿನ ಹತ್ತಾರು ಹಳ್ಳಿಗಳ ರೈತರ ಅರ್ಜಿ ಹೋಗುತ್ತದೆ. ಮೊಬೈಲ್ ಕಂಪನಿಗಳೂ ಅಸಂಖ್ಯ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. ವಿಳಾಸಕ್ಕೆ ಹಾಕಿದ ಮಿತಿ, ನಗರದಲ್ಲಿ ಸ್ವಂತ ಸಂಪರ್ಕ ಉಳ್ಳವನನ್ನು ಮುಟ್ಟದೆ, ಸರತಿಯಲ್ಲಿ ನಿಂತ ಈ ಬಡಪಾಯಿಗಳನ್ನು ದಾಳಿಕೋರರೆಂದು ಬಗೆಯುತ್ತದೆ. ರೈತನ ಗುರುತಿನ ಸಂಖ್ಯೆಗೆ, ನೋಂದಾಯಿತ ಕೇಂದ್ರದ ಖಾತೆಗೆ ತಕ್ಕಂತೆ ಮಿತಿ ಹಾಕುವುದೇ ನ್ಯಾಯ. ಮಿತಿ ಮೀರಿದಾಗ ಬಿಳಿ ಪುಟ ತೋರಿಸುವುದೂ ತಪ್ಪು. ‘ಕೋರಿಕೆಗಳು ಅತಿಯಾದವು’ ಎನ್ನುವ 429 ಸಂಕೇತ 2012ರಿಂದಲೇ ಜಾರಿಯಲ್ಲಿದೆ; ಎಷ್ಟು ಹೊತ್ತಿನ ನಂತರ ಮರಳಿ ಬರಬೇಕೆಂದು ಹೇಳಲೂ ಅದರಲ್ಲಿ ಅವಕಾಶವಿದೆ. ಅದನ್ನು ಕನ್ನಡದಲ್ಲಿ ಹೇಳಿದರೆ ದೂರದ ಹಳ್ಳಿಯಿಂದ ಬಂದವನು ಕಾಯಬೇಕೋ ಮನೆಗೆ ಮರಳಬೇಕೋ ತಿಳಿಯುತ್ತದೆ.

ಇನ್ನು ಕೋಡಿ. 2023ರಲ್ಲಿ ಗೃಹಜ್ಯೋತಿ ನೋಂದಣಿಗೆ ಸೇವಾ ಸಿಂಧುವಿನ ಮೂಲ ತಾಣದ ಬದಲು ಗ್ಯಾರಂಟಿ ಯೋಜನೆಗಳ ಪ್ರತ್ಯೇಕ ವಿಳಾಸ ಬಳಸಿದ್ದು, ಆಹಾರ ಇಲಾಖೆ ತನ್ನ ತಾಣದಲ್ಲಿ ವಿಭಾಗವಾರು ಮೂರು ಕೊಂಡಿಗಳನ್ನು ಇಟ್ಟದ್ದು ಸರಿಯಾದ ದಿಕ್ಕಿನ ಹೆಜ್ಜೆಗಳೇ. ಜನಜಂಗುಳಿಯನ್ನು ಒಡೆದು ಬೇರೆ ಬೇರೆ ಬಾಗಿಲಿಗೆ ಕಳುಹಿಸುವ ಕ್ರಮ ಇದು. ಇದರಲ್ಲೂ ಎಚ್ಚರ ಬೇಕು. ಶಾಶ್ವತ ರೀಡೈರೆಕ್ಟಿಗೆ 301, ತಾತ್ಕಾಲಿಕಕ್ಕೆ 302 ಎಂಬ ಸಂಕೇತಗಳಿವೆ. ನಾಲ್ಕು ದಿನದ ವ್ಯವಸ್ಥೆಗೆ ಶಾಶ್ವತದ ಮುದ್ರೆ ಒತ್ತಿದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ಮುಚ್ಚಿದ ಬಾಗಿಲಿಗೇ ಜನರನ್ನು ಕರೆದೊಯ್ಯುತ್ತಿರುತ್ತದೆ. ಅರ್ಧ ತುಂಬಿದ ಅರ್ಜಿಯನ್ನು ಮರೆತು ಮತ್ತೆ ಮೊದಲ ಪುಟಕ್ಕೆ ತಳ್ಳುವ ರೀಡೈರೆಕ್ಟ್ ಇನ್ನೂ ಕೆಟ್ಟದ್ದು. ಅದು ಹೊರೆ ಇಳಿಸುವುದಿಲ್ಲ, ಇಮ್ಮಡಿಸುತ್ತದೆ.

ಗೃಹಲಕ್ಷ್ಮಿಯ ಅನುಭವ ಹೆಚ್ಚು ಬೋಧಪ್ರದ. 2023ರ ಜುಲೈನಲ್ಲಿ ಆ ನೋಂದಣಿ ಆರಂಭವಾದಾಗ ಯಜಮಾನಿಯರಿಗೆ ದಿನ, ಸಮಯ, ಕೇಂದ್ರ ತಿಳಿಸುವ ಸಂದೇಶ ಕಳುಹಿಸುವ ಕ್ರಮವಿತ್ತು. ನೂಕುನುಗ್ಗಲನ್ನು ಯಂತ್ರಕ್ಕೆ ತಲುಪುವ ಮೊದಲೇ ಹಂಚುವ ಈ ಉಪಾಯಕ್ಕೆ ಹೊಸ ಸರ್ವರ್ ಬೇಕಿಲ್ಲ. ಅಲ್ಲಿ ಅರ್ಹರೆಲ್ಲರಿಗೂ ಹಣ ಸಿಗುವಂತಿತ್ತು. ಇಂದು ಹೋದರೂ ನಾಳೆ ಹೋದರೂ ನಷ್ಟವಿಲ್ಲ. ಕೊಬ್ಬರಿಯಲ್ಲಿ ಹಾಗಲ್ಲ, ತಡವಾದವನಿಗೆ ಇಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಬೆಲೆಯ ಬದಲು ವೇಗದಿಂದ ಹಂಚಿದಾಗ ಲಾಭ ವೇಗ ಉಳ್ಳವನ ಪಾಲು. ಹತ್ತು ಗಣಕಯಂತ್ರ, ಒಳ್ಳೆಯ ಸಂಪರ್ಕ ಇಟ್ಟುಕೊಂಡ ಮಧ್ಯವರ್ತಿಯೊಡನೆ ಅಟ್ಟದಿಂದ ಕೊಬ್ಬರಿ ಇಳಿಸಿ ಬಸ್ಸು ಹತ್ತಿ ಬಂದ ರೈತ ಓಟಕ್ಕೆ ನಿಲ್ಲಬೇಕೆ?

ಆದ್ದರಿಂದ ಮೊದಲು ಬದಲಾಗಬೇಕಾದುದು ಆದೇಶದ ಒಕ್ಕಣೆ. ನೋಂದಣಿ ಹದಿನೈದು ದಿನ ತೆರೆದಿರಲಿ. ಹೋಬಳಿವಾರು ದಿನ ಗೊತ್ತಾಗಲಿ. ಯಾವ ಗಂಟೆಯಲ್ಲಿ ಅರ್ಜಿ ಬಿತ್ತೆಂಬುದಕ್ಕೆ ಯಾವ ಮಹತ್ವವೂ ಇರಬಾರದು. ಅವಧಿ ಮುಗಿದ ಮೇಲೆ ಒಟ್ಟು ಬೇಡಿಕೆ ಮಿತಿಯನ್ನು ಮೀರಿದ್ದರೆ ಹಿಡುವಳಿಗೆ ಅನುಗುಣವಾಗಿ, ಸಣ್ಣ ಹಿಡುವಳಿದಾರರಿಗೆ ಕನಿಷ್ಠ ಪ್ರಮಾಣ ಕಾದಿಟ್ಟು, ಹಂಚಲಿ. ಎಲ್ಲರಿಗೂ ಸ್ವಲ್ಪ ಕಡಿಮೆ ಸಿಗುತ್ತದೆ ಎಂಬ ಆಕ್ಷೇಪ ಬರಬಹುದು, ನಿಜ. ಕೆಲವರಿಗೆ ಏನೂ ಸಿಗದೆ ಹೋಗುವುದಕ್ಕಿಂತ ಅದನ್ನು ಸಮರ್ಥಿಸುವುದು ಸುಲಭ.

ಗುತ್ತಿಗೆಯ ಷರತ್ತುಗಳನ್ನೂ ಓದಿ ನೋಡಬೇಕು. ಸರ್ವರ್ ವರ್ಷದಲ್ಲಿ ಶೇ 99ರಷ್ಟು ಕಾಲ ಲಭ್ಯವಿರಬೇಕು ಎಂಬ ಷರತ್ತು ಕೇಳಲು ಗಟ್ಟಿಯಾಗಿದೆ. ಉಳಿದ ಶೇ 1 ಎಂದರೆ 87 ಗಂಟೆಗಿಂತ ಹೆಚ್ಚು. ಅಷ್ಟೂ ಗಂಟೆ ನೋಂದಣಿಯ ಮೊದಲ ವಾರದಲ್ಲೇ ಕೆಟ್ಟು ನಿಂತರೂ ಗುತ್ತಿಗೆ ಮುರಿದಂತಾಗುವುದಿಲ್ಲ! ವರ್ಷದ ಸರಾಸರಿಯ ಬದಲು ನೋಂದಣಿ ದಿನಗಳ ಲಭ್ಯತೆಯನ್ನು ಪ್ರತ್ಯೇಕವಾಗಿ ಅಳೆದು, ಪ್ರತಿ ದಿನ ಎಷ್ಟು ಕೋರಿಕೆ ಬಂದವು, ಎಷ್ಟನ್ನು ತಿರಸ್ಕರಿಸಲಾಯಿತು ಎಂಬುದನ್ನು ಖರೀದಿ ಕೇಂದ್ರದ ಫಲಕದಲ್ಲಿ ಬರೆಯುವ ಷರತ್ತು ಹಾಕಲು ಹೆಚ್ಚಿನ ಹಣ ಬೇಕಾಗದು.

2025ರಲ್ಲಿ ಕೊಬ್ಬರಿಯ ಮಾರುಕಟ್ಟೆ ಧಾರಣೆ ಬೆಂಬಲ ಬೆಲೆಯನ್ನು ಬಹುದೂರ ಹಿಂದೆ ಹಾಕಿತು. ಅಂಥ ವರ್ಷದಲ್ಲಿ ನೋಂದಣಿಯ ಗೊಡವೆ ಯಾರಿಗೂ ಬೇಕಿಲ್ಲ, ಸರ್ವರಿನ ನೆನಪು ಯಾರಿಗೂ ಇರುವುದಿಲ್ಲ. ಧಾರಣೆ ಕುಸಿದ ವರ್ಷ ಐವತ್ತು ಸಾವಿರ ಜನ ಒಂದೇ ಬೆಳಿಗ್ಗೆ ಬಾಗಿಲು ತಟ್ಟುತ್ತಾರೆ. ಆಗ ಟೆಂಡರ್ ಕರೆಯಲು ಸಮಯವಿರುವುದಿಲ್ಲ. ಹೊಸ ನಿಯಮದ ಕರಡನ್ನು ರೈತ ಸಂಘಟನೆಗಳ ಮುಂದಿಡಬೇಕಾದುದು ಧಾರಣೆ ಏರಿರುವ ಕಾಲದಲ್ಲಿಯೇ.