ಬಾಯಿಮಾತಿನ ಬಾಡಿಗೆ

ಹಾಸನ ಜಿಲ್ಲೆಯ ಜಾವಗಲ್ ಬಸ್ ನಿಲ್ದಾಣದ ಬಳಿ ಕಾಫಿ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಅಂದರು: "ಬಾಡಿಗೆ ಕಾನೂನೆಲ್ಲ ಬೆಂಗ್ಳೂರಿನೋರಿಗೆ ಕಣಪ್ಪ. ನಮ್ಮೂರಲ್ಲಿ ಬಾಯಿಮಾತೇ ಕರಾರು." ಒಳ್ಳೆಯ ಮನುಷ್ಯರು, ಆದರೆ ಆ ಮಾತನ್ನು ನಾನು ಒಪ್ಪಲಾರೆ. ಬಾಯಿಮಾತು ಕೆಟ್ಟಾಗ ಸಾಮಾನು ಹೊತ್ತು ಬೀದಿಗೆ ಬೀಳುವವರು ಬಾಡಿಗೆಯವರೇ.

ಸರ್ಕಾರದ ಆಶ್ರಯ, ಬಸವ ವಸತಿ, ಅಂಬೇಡ್ಕರ್ ನಿವಾಸ ಎಲ್ಲವೂ ಸ್ವಂತ ಸೂರಿನ ಯೋಜನೆಗಳು. ಬೇಕು, ಇರಲಿ. ಆದರೆ ಹೋಬಳಿ ಊರಿಗೆ ವರ್ಗವಾಗಿ ಬರುವ ಮೇಷ್ಟ್ರು, ನರ್ಸಮ್ಮ, ಬ್ಯಾಂಕಿನ ಹುಡುಗ ಇವುಗಳ ಲೆಕ್ಕಕ್ಕೆ ಬರುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಬಾಡಿಗೆ ದಾಟಿದ ಮನೆಗಳನ್ನು ತನ್ನ ಹೊರಗಿಟ್ಟಿತು. ಇಂದು ಆ ಮೊತ್ತಕ್ಕೆ ಎಂಥ ಮನೆ ಸಿಕ್ಕೀತು?

ಮಾಲೀಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೂಡಿಟ್ಟ ದುಡ್ಡಲ್ಲಿ ಮಹಡಿ ಕಟ್ಟಿಸಿ, ಅದರ ಬಾಡಿಗೆಯಲ್ಲೇ ಬದುಕುವ ವಿಧವೆಗೆ, ಬಿಡದೆ ಕೂತ ಬಾಡಿಗೆದಾರನ ಮೇಲೆ ವರ್ಷಗಟ್ಟಲೆ ಕೋರ್ಟು ಅಲೆಯುವುದು ಸಾಮಾನ್ಯ ಸಂಕಟವಲ್ಲ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲೇ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಈ ಭಯವೂ ಅದಕ್ಕೊಂದು ಕಾರಣ. ಆದರೆ ಈ ಭಯಕ್ಕೂ ಮದ್ದು ಬರಹದ ಕರಾರೇ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಲಿಖಿತ ಕರಾರನ್ನು ಕಡ್ಡಾಯ ಮಾಡಿ, ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳಿಗೆ ಮಿತಿಗೊಳಿಸುತ್ತದೆ; ಅವಧಿ ಮುಗಿದರೂ ಬಿಡದವನು ಮೊದಲೆರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಅದು ಮಾದರಿ ಮಾತ್ರ. ರಾಜ್ಯ ಒಪ್ಪಿದರಷ್ಟೇ ಕಾನೂನು.

ಆ ಮಾದರಿಯೂ ಮುಟ್ಟದ ಜಾಗವೊಂದಿದೆ: ಹೊಸ್ತಿಲು. ಹೊಸದಾಗಿ ಕೆಲಸಕ್ಕೆ ಬಂದ ಯುವಕನೊಬ್ಬನ ಜೊತೆ ನಾನು ಮನೆ ಹುಡುಕಿದ್ದೇನೆ. ಹೆಸರು ಕೇಳಿದರು, ಊರು ಕೇಳಿದರು, ಕೊನೆಗೆ "ನೀವು ಯಾವ ಜನ?" ಅಂದರು. ಅವನು ಹೇಳಿದ. ಬೀಗದ ಕೈ ಹಿಡಿದು ಬಂದವರೇ "ಅಯ್ಯೋ, ಆಗ್ಲೇ ಬೇರೆಯವರಿಗೆ ಮಾತು ಕೊಟ್ಬಿಟ್ಟಿದೀವಿ" ಅಂದರು. ಮೂರು ಮನೆಯಲ್ಲೂ ಅದೇ ಮಾತು. ನಾಲ್ಕನೆಯ ಮನೆಗೆ ಅವನು ಬರಲೇ ಇಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ಹಿಡಿಯಲು ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೇ ಅಪರಾಧ. ಸಾಬೀತು ಮಾಡುವುದು ಹೇಗೆ? ಕೊಟ್ಟದ್ದೂ ಬಾಯಿಮಾತು, ಕೊಡದಿದ್ದದ್ದೂ ಬಾಯಿಮಾತು. ಸಾಬರ ಹುಡುಗನಿಗಂತೂ ಆ ಕಾಯ್ದೆಯ ಆಸರೆಯೂ ಇಲ್ಲ. "ನಮ್ಮ ಮನೆ, ನಮ್ಮಿಷ್ಟ" ಅನ್ನುವವರಿಗೆ ಒಂದೇ ಮಾತು: ಬಾಡಿಗೆಗಿಟ್ಟ ಮನೆ ವ್ಯಾಪಾರ, ದೇವರ ಕೋಣೆಯಲ್ಲ.

ದೆಹಲಿ ಸುತ್ತಮುತ್ತ ಸಂಶೋಧಕ ಸುಖದೇವ್ ಥೋರಟ್ ಮತ್ತು ಸಂಗಡಿಗರು ಈ ತಾರತಮ್ಯವನ್ನು ಪರೀಕ್ಷೆಗೇ ಒಡ್ಡಿದರು. ಮೇಲ್ಜಾತಿ, ದಲಿತ, ಮುಸ್ಲಿಂ ಹೆಸರುಗಳಲ್ಲಿ ಮಾಲೀಕರಿಗೆ ಫೋನು ಮಾಡಿಸಿದರು, ಖುದ್ದಾಗಿಯೂ ಕಳಿಸಿದರು. ಹೆಸರು ಬದಲಾದಂತೆ ಉತ್ತರವೂ ಬದಲಾಯಿತು. 2015ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಹಾಸನ ಜಿಲ್ಲೆಯ ಸಮಾಜಶಾಸ್ತ್ರದ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೆ: ಅರಸೀಕೆರೆ, ಬೇಲೂರು, ಹಳೇಬೀಡು, ಜಾವಗಲ್ಲಿನಲ್ಲಿ ನಿಮ್ಮ ವಿದ್ಯಾರ್ಥಿಗಳಿಂದ ಈ ಕೆಲಸ ಮಾಡಿಸಿ. ಬಂದ ಉತ್ತರಗಳನ್ನು ಒಂದೂ ಬಿಡದೆ ಬರೆದಿಡಿ.